ಫಾರ್ಮ್ಯಾಟ್ ಮಾಡುವ ಮುನ್ನ: ಕೆಟ್ಟ ರಿಜಿಸ್ಟ್ರಿ, ಕಲಸಿಹೋದ ಪರ್ಮಿಷನ್

ಡಿಟಿಪಿ ಅಂಗಡಿಯೊಂದರ ಡೆಸ್ಕ್‌ಟಾಪ್. ವಿಂಡೋಸ್ 10, 500 ಜಿಬಿ ಹಾರ್ಡ್ ಡಿಸ್ಕ್, ಬ್ಯಾಟರಿ ಸತ್ತುಹೋದ ಯುಪಿಎಸ್. ಕೆಲಸದ ನಡುವೆ ಕರೆಂಟು ಹೋಗಿದೆ. ಬಂದ ಮೇಲೆ ಆನ್ ಮಾಡಿದರೆ ನೀಲಿ ಪರದೆ: ಸಿಸ್ಟಮ್ ರಿಜಿಸ್ಟ್ರಿ ಫೈಲ್ ಕಾಣೆಯಾಗಿದೆ ಅಥವಾ ಅದರಲ್ಲಿ ದೋಷವಿದೆ, ಕೋಡ್ 0ಎಕ್ಸ್‌ಸಿ000014ಸಿ. ಇಂಥ ಯಂತ್ರಕ್ಕೆ ಎಲ್ಲರೂ ಹೇಳುವ ಮದ್ದು ಫಾರ್ಮ್ಯಾಟ್. ಪತ್ರಗಳು, ಚಿತ್ರಗಳು ಹೇಗೋ ಉಳಿದಾವು. ಆದರೆ ಡಿಟಿಪಿ ಯಂತ್ರದಲ್ಲಿ ವರ್ಷಗಟ್ಟಲೆ ಕೂಡಿಸಿದ ಫಾಂಟುಗಳು, ಪ್ರಿಂಟರ್ ಸೆಟಿಂಗು, ಸಿಡಿ ಕಳೆದುಹೋದ ಹಳೆಯ ತಂತ್ರಾಂಶಗಳು, ಅವುಗಳ ಲೈಸೆನ್ಸ್ ಎಲ್ಲ ಹೋಗುತ್ತವೆ. ಅವನ್ನು ಮತ್ತೆ ಕೂಡಿಸುವುದು ರಿಪೇರಿಗಿಂತ ದೊಡ್ಡ ಕೆಲಸ. ಹಾಗಾಗಿ ಈ ಯಂತ್ರವನ್ನು ಫಾರ್ಮ್ಯಾಟ್ ಮಾಡದೆ ಎಬ್ಬಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಂಡೋಸ್ 11ಕ್ಕೂ ಇದೇ ಕ್ರಮ ನಡೆಯುತ್ತದೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ವಿಂಡೋಸ್ ಮತ್ತು ತಂತ್ರಾಂಶಗಳ ಸೆಟಿಂಗುಗಳೆಲ್ಲ ಇರುವ ಜಾಗ ರಿಜಿಸ್ಟ್ರಿ, ಅದು ಒಂದೇ ಫೈಲಲ್ಲ. ಸಿ:\ವಿಂಡೋಸ್\ಸಿಸ್ಟಮ್32\ಕಾನ್ಫಿಗ್ ಫೋಲ್ಡರಿನಲ್ಲಿ ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್ ಎಂಬ ಫೈಲುಗಳು, ಅಂದರೆ ಹೈವ್‌ಗಳಿವೆ. ಯಾವುದಕ್ಕೂ ಎಕ್ಸ್‌ಟೆನ್ಷನ್ ಇಲ್ಲ. ಇದಲ್ಲದೆ ಪ್ರತಿ ಬಳಕೆದಾರನ ಫೋಲ್ಡರಿನಲ್ಲಿ ಎನ್‌ಟಿಯೂಸರ್.ಡ್ಯಾಟ್ ಎಂಬ ಹೈವ್ ಇರುತ್ತದೆ. ಯಂತ್ರ ಎಲ್ಲಿ ನಿಂತಿತು ಎನ್ನುವುದರಿಂದಲೇ ಯಾವ ಹೈವ್ ಕೆಟ್ಟಿದೆ ಎಂದು ಬಹುಪಾಲು ಊಹಿಸಬಹುದು. ಬೂಟ್ ಲೋಡರ್ ಓದುವುದು ಸಿಸ್ಟಮ್ ಹೈವ್ ಅನ್ನು, ಆದ್ದರಿಂದ ಅದು ಕೆಟ್ಟರೆ ವಿಂಡೋಸ್ ಆರಂಭವಾಗುವ ಮೊದಲೇ ಮೇಲಿನ ಸಂದೇಶ ಬರುತ್ತದೆ. ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿಗಳು ಆಮೇಲೆ ಲೋಡ್ ಆಗುವಂಥವು. ಅವು ಕೆಟ್ಟಾಗ ಸಿ0000218 ಎಂಬ ಸ್ಟಾಪ್ ಕೋಡ್ ಕಾಣಬಹುದು. ಎನ್‌ಟಿಯೂಸರ್ ಕೆಟ್ಟರೆ ಯಂತ್ರ ಚೆನ್ನಾಗಿಯೇ ಏಳುತ್ತದೆ, ಪಾಸ್‌ವರ್ಡ್ ಕೊಟ್ಟ ಮೇಲೆ ತಾತ್ಕಾಲಿಕ ಪ್ರೊಫೈಲ್ ತೆರೆದು ಡೆಸ್ಕ್‌ಟಾಪ್ ಖಾಲಿ ಕಾಣುತ್ತದೆ. ಕೋಡ್ 0ಎಕ್ಸ್‌ಸಿ00000ಇ9 ಆಗಿದ್ದರೆ ಡಿಸ್ಕನ್ನು ಓದಲಾಗುತ್ತಿಲ್ಲ ಎಂದರ್ಥ. ಆಗ ರಿಜಿಸ್ಟ್ರಿ ಕಡೆಗೆ ಹೋಗಲೇಬಾರದು, ಮೊದಲು ಡಿಸ್ಕು ನೋಡಬೇಕು.

ನಿಜ ಹೇಳಬೇಕೆಂದರೆ ಯಾವ ಕೋಡ್ ಬಂದರೂ ಮೊದಲು ನೋಡಬೇಕಾದ್ದು ಡಿಸ್ಕನ್ನೇ. ಹೈವ್ ಕೆಡಲು ಕರೆಂಟು ಒಂದೇ ಕಾರಣವಲ್ಲ. ಸಾಯುತ್ತಿರುವ ಡಿಸ್ಕ್, ಸಡಿಲವಾದ ಸಾಟಾ ಕೇಬಲ್, ಕೆಟ್ಟ ರ‍್ಯಾಮ್ ಇವೂ ಅದೇ ಸಂದೇಶ ತರುತ್ತವೆ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಹಾಕಿ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದೆವು. ಗಮನಿಸಬೇಕಾದ ಸಾಲುಗಳು ನಾಲ್ಕು: 05 (ಬದಲಿಸಿದ ಸೆಕ್ಟರ್), ಸಿ5 (ಬದಲಿಸಲು ಕಾದಿರುವ ಸೆಕ್ಟರ್), ಸಿ6 (ಸರಿಪಡಿಸಲಾಗದ ಸೆಕ್ಟರ್), ಸಿ7 (ಕೇಬಲ್ ಮೇಲಿನ ದೋಷ). ರಾ ವ್ಯಾಲ್ಯೂ ಕಾಲಮ್ಮಿನಲ್ಲಿ ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕಿನ ಮೇಲೆ ಯಾವ ರಿಪೇರಿಯನ್ನೂ ಮಾಡಬಾರದು. ಲಿನಕ್ಸ್ ಲೈವ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂನಲ್ಲಿ ಹೊಸ ಡಿಸ್ಕಿಗೆ ಪೂರ್ತಿ ನಕಲು ತೆಗೆಯಬೇಕು: ಮೊದಲ ಸುತ್ತಿನಲ್ಲಿ -ಎನ್ ಕೊಟ್ಟು ಸಲೀಸಾಗಿ ಬರುವಷ್ಟನ್ನು, ಎರಡನೆಯ ಸುತ್ತಿನಲ್ಲಿ -ಆರ್3 ಕೊಟ್ಟು ಉಳಿದದ್ದನ್ನು. ಎರಡೂ ಸುತ್ತಿಗೆ ಒಂದೇ ಮ್ಯಾಪ್ ಫೈಲ್ (ಎಷ್ಟು ನಕಲಾಯಿತೆಂಬ ದಾಖಲೆ) ಕೊಡುವುದನ್ನು ಮರೆಯಬಾರದು, ಇಲ್ಲವಾದರೆ ಎರಡನೆಯದು ಮೊದಲಿನಿಂದ ಶುರುವಾಗುತ್ತದೆ. ಸಿ7 ಏರುತ್ತಿದ್ದರೆ ಕೇಬಲ್ ಬದಲಿಸಿದರೆ ಸಾಕು. ಈ ಯಂತ್ರದಲ್ಲಿ ನಾಲ್ಕೂ ಸೊನ್ನೆಯಿದ್ದವು, ಮೆಮ್‌ಟೆಸ್ಟ್86 ಕೂಡ ಸ್ವಚ್ಛ ಬಂತು. ಉಳಿದದ್ದು ಕರೆಂಟಿನ ಹೊಡೆತ.

ಕರೆಂಟು ಹೋದಾಗ ಒಳಗೆ ಆಗುವುದೇನು ಎಂದು ತಿಳಿದಿದ್ದರೆ ಮುಂದಿನ ಕೆಲಸ ಸುಲಭ. ಪ್ರತಿ ಹೈವ್‌ನ ಮೊದಲ 4096 ಬೈಟು ಅದರ ತಲೆಬರಹ. ಶುರುವಿಗೆ ರೆಗ್‌ಎಫ್ ಎಂಬ ನಾಲ್ಕಕ್ಷರ, ಅದರ ಬೆನ್ನಿಗೆ ಎರಡು ಕ್ರಮಸಂಖ್ಯೆ. ಬರೆಯಲು ತೊಡಗುವಾಗ ಮೊದಲ ಸಂಖ್ಯೆ ಏರುತ್ತದೆ, ಬರೆದು ಮುಗಿದಾಗ ಎರಡನೆಯದು ಏರಿ ಸಮವಾಗುತ್ತದೆ. ನಡುವೆ ಕರೆಂಟು ಹೋದರೆ ಎರಡೂ ಹೊಂದುವುದಿಲ್ಲ. ಆಗ ವಿಂಡೋಸ್ ಪಕ್ಕದಲ್ಲಿರುವ ಲಾಗ್1, ಲಾಗ್2 ಫೈಲುಗಳಿಂದ ಬಾಕಿ ಬದಲಾವಣೆಗಳನ್ನು ತುಂಬಿಕೊಂಡು ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ. ಬಹಳ ಸಲ ಇದು ಯಾರ ಕಣ್ಣಿಗೂ ಬೀಳದೆ ಮುಗಿದುಹೋಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಜನರಲ್ ಮೂಲದ 5ನೇ ನಂಬರಿನ ಈವೆಂಟ್ ಸಿಕ್ಕರೆ ಹೈವ್ ಒಮ್ಮೆ ಕೆಟ್ಟು ಸುಧಾರಿಸಿತ್ತೆಂದು ತಿಳಿಯುತ್ತದೆ. ಲಾಗ್ ಕೂಡ ಹಾಳಾಗಿದ್ದರೆ, ಅಥವಾ ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳ ಲೆಕ್ಕ ಇಡುವ ವ್ಯವಸ್ಥೆ) ಆ ಫೈಲಿನ ತುಂಡುಗಳನ್ನೇ ಕಳೆದುಕೊಂಡಿದ್ದರೆ ಮಾತ್ರ ನೀಲಿ ಪರದೆ.

ಡಿಸ್ಕನ್ನು ಯಂತ್ರಕ್ಕೆ ಮರಳಿ ಹಾಕಿ, ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ತಯಾರಿಸಿದ 8 ಜಿಬಿ ಪೆನ್ ಡ್ರೈವ್‌ನಿಂದ ಬೂಟ್ ಮಾಡಬೇಕು. ಭಾಷೆ ಕೇಳುವ ಪರದೆಯಲ್ಲಿ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಕಾಣುವ ಎಕ್ಸ್: ಡ್ರೈವ್ ಪೆನ್ ಡ್ರೈವ್‌ನಿಂದ ರ‍್ಯಾಮ್‌ಗೆ ಇಳಿದ ಪುಟ್ಟ ವಿಂಡೋಸ್‌ನದು, ಡಿಸ್ಕಿನ ವಿಂಡೋಸ್ ಬೇರೆ ಅಕ್ಷರದಲ್ಲಿರುತ್ತದೆ. ಅದು ಸಿ: ಆಗಿಯೇ ಇರಬೇಕೆಂದಿಲ್ಲ. ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ವಾಲ್ಯೂಮ್ ಕೊಟ್ಟು ಗಾತ್ರ ನೋಡಿ ಗುರುತಿಸಿ, ಎಕ್ಸಿಟ್ ಕೊಟ್ಟು ಹೊರಬಂದು, ಡಿಐಆರ್ ಕೊಟ್ಟು ವಿಂಡೋಸ್ ಫೋಲ್ಡರ್ ಅಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಬೀಗ ಬಿದ್ದಿರುವುದುಂಟು. ಆಗ 48 ಅಂಕಿಯ ರಿಕವರಿ ಕೀಲಿ ಬೇಕು, ಮ್ಯಾನೇಜ್-ಬಿಡಿಇ -ಅನ್‌ಲಾಕ್ ಸಿ: -ರಿಕವರಿಪಾಸ್‌ವರ್ಡ್ ಎಂದು ಬರೆದು ಮುಂದೆ ಕೀಲಿ ಕೊಡಬೇಕು. ಕೀಲಿ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಸಿಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ಸಾಧ್ಯವಿಲ್ಲ.

ಈಗ ನಕಲು. ಕೆಟ್ಟ ಹೈವ್ ಕೂಡ ಬೆಲೆಯುಳ್ಳದ್ದು, ಅದರ ಒಳಗಿನ ಬಹುಪಾಲು ಮಾಹಿತಿ ಇನ್ನೂ ಸರಿಯಾಗಿರುತ್ತದೆ. ಕಾಪಿ ಕಮಾಂಡ್ ಬಳಸಬಾರದು. ಲಾಗ್ ಫೈಲುಗಳು ಹಿಡನ್ ಮತ್ತು ಸಿಸ್ಟಮ್ ಗುರುತು ಹೊತ್ತಿರುವುದರಿಂದ ಕಾಪಿ ಅವನ್ನು ಬಿಟ್ಟುಬಿಡುತ್ತದೆ, ಬಿಟ್ಟದ್ದನ್ನು ಹೇಳುವುದೂ ಇಲ್ಲ. ರೋಬೋಕಾಪಿ ಅವನ್ನೂ ತರುತ್ತದೆ: ರೋಬೋಕಾಪಿ ಸಿ:\ವಿಂಡೋಸ್\ಸಿಸ್ಟಮ್32\ಕಾನ್ಫಿಗ್ ಇ:\ಹೈವ್ /ಇ /ಆರ್:1 /ಡಬ್ಲ್ಯೂ:1. ಇಲ್ಲಿ ಇ: ಎಂದರೆ ನಕಲು ಇಡುವ ಬೇರೆ ಡ್ರೈವ್. ಕೊನೆಯ ಎರಡು ಸ್ವಿಚ್ ಬಿಡಬಾರದು. ಅವಿಲ್ಲದಿದ್ದರೆ ಓದಲಾಗದ ಒಂದು ಫೈಲಿಗೆ ರೋಬೋಕಾಪಿ ಮೂವತ್ತು ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ. ನಕಲಾದ ಮೇಲೆ ಡಿಐಆರ್ /ಎ ಕೊಟ್ಟು ಗಾತ್ರ ನೋಡಬೇಕು. ಸಿಸ್ಟಮ್ ಹೈವ್ ಹತ್ತಾರು ಎಂಬಿ ಇರುವಂಥದ್ದು, ಸಾಫ್ಟ್‌ವೇರ್ ಅದಕ್ಕಿಂತ ದೊಡ್ಡದು, ಸ್ಯಾಮ್ ಮತ್ತು ಸೆಕ್ಯುರಿಟಿ ಹತ್ತಾರು ಕೆಬಿ ಅಷ್ಟೇ. ಗಾತ್ರ ಸೊನ್ನೆಯಿದ್ದರೆ ಆ ಫೈಲಿನಲ್ಲಿ ಉಳಿಸಲು ಏನೂ ಇಲ್ಲ.

ನಕಲು ಕೈಯಲ್ಲಿದ್ದ ಮೇಲೆ ಚೆಕ್‌ಡಿಸ್ಕ್ ಸಿ: /ಎಫ್ (ಟೈಪ್ ಮಾಡುವಾಗ ಸಿಎಚ್‌ಕೆಡಿಎಸ್‌ಕೆ). ಈ ಕ್ರಮ ತಿರುಗುಮುರುಗಾಗಬಾರದು, ಏಕೆಂದರೆ ಚೆಕ್‌ಡಿಸ್ಕ್ ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿಮಾಡುತ್ತದೆಯೇ ಹೊರತು ಫೈಲಿನ ಒಳಗಿನ ವಿಷಯದ ಹೊಣೆ ಹೊರುವುದಿಲ್ಲ. ಲೆಕ್ಕ ಸರಿದೂಗಿಸಲು ಹೈವ್‌ನ ತುಂಡುಗಳನ್ನು ಫೌಂಡ್.000 ಎಂಬ ಫೋಲ್ಡರಿಗೆ ಎಸೆದದ್ದೂ ಉಂಟು. /ಆರ್ ಎಂಬುದು ಇಡೀ ಡಿಸ್ಕನ್ನು ಓದಿ ಕೆಟ್ಟ ಸೆಕ್ಟರ್ ಹುಡುಕುವ ಸ್ವಿಚ್. ಡಿಸ್ಕ್ ಆರೋಗ್ಯವಾಗಿದ್ದರೆ ಅದು ಬೇಕಿಲ್ಲ, ಸಾಯುತ್ತಿದ್ದರೆ ಅದು ಸಾವನ್ನು ಹತ್ತಿರ ತರುತ್ತದೆ.

ಯಾವ ಹೈವ್ ಕೆಟ್ಟಿದೆ ಎಂಬುದನ್ನು ಖಚಿತ ಮಾಡಿಕೊಳ್ಳಲು ನಕಲಿನ ಮೇಲೆ ಪರೀಕ್ಷೆ ಮಾಡಬೇಕು: ರೆಗ್ ಲೋಡ್ ಎಚ್‌ಕೆಎಲ್‌ಎಂ\ಪರೀಕ್ಷೆ ಇ:\ಹೈವ್\ಸಿಸ್ಟಮ್. ಪರೀಕ್ಷೆ ಎಂಬಲ್ಲಿ ಯಾವ ಹೆಸರಾದರೂ ನಡೆಯುತ್ತದೆ. ಸರಿಯಾದರೆ ಕೆಲಸ ಯಶಸ್ವಿ ಎನ್ನುತ್ತದೆ. ಕೆಟ್ಟಿದ್ದರೆ ಕಾನ್ಫಿಗರೇಷನ್ ರಿಜಿಸ್ಟ್ರಿ ಡೇಟಾಬೇಸ್ ಕರಪ್ಟ್ ಎಂಬ 1009ನೇ ದೋಷ ಅಥವಾ 1015ನೇ ದೋಷ ಬರುತ್ತದೆ. ಉಳಿದ ಹೈವ್‌ಗಳನ್ನೂ ಒಂದೊಂದಾಗಿ ಹೀಗೆಯೇ ನೋಡಿ, ಪ್ರತಿ ಸಲವೂ ರೆಗ್ ಅನ್‌ಲೋಡ್ ಮಾಡಬೇಕು. ಇದರಲ್ಲಿ ಇನ್ನೊಂದು ಲಾಭವಿದೆ. ಲೋಡ್ ಆಗುವಾಗ ವಿಂಡೋಸ್ ಪಕ್ಕದ ಲಾಗ್1, ಲಾಗ್2 ನೋಡಿ ಬಾಕಿಯನ್ನು ತುಂಬುತ್ತದೆ, ಅನ್‌ಲೋಡ್ ಆದಾಗ ಸುಧಾರಿಸಿದ ಹೈವ್ ನಕಲಿನ ಜಾಗದಲ್ಲಿ ಸಿದ್ಧವಾಗಿರುತ್ತದೆ. ಅಷ್ಟರಲ್ಲೇ ಮುಗಿದ ಪ್ರಕರಣಗಳು ಬೇಕಾದಷ್ಟಿವೆ. ಆದರೆ ಲಾಗ್ ಫೈಲುಗಳು ಅದೇ ಫೋಲ್ಡರಿನಲ್ಲಿ ಅದೇ ಹೆಸರಿನಲ್ಲಿ ಇರಬೇಕು. ಈ ಪರೀಕ್ಷೆಯನ್ನು ವಿಂಡೋಸ್ 7ರ ಯಂತ್ರದಲ್ಲಿ ಮಾಡಬಾರದು: ಲಾಗ್‌ಗಳ ರಚನೆ 8.1ರಿಂದ ಬದಲಾಗಿದೆ, ಹಳೆಯ ವಿಂಡೋಸ್‌ಗೆ ಅದು ಅರ್ಥವಾಗದು.

ಈ ಯಂತ್ರದಲ್ಲಿ ಸಿಸ್ಟಮ್ ಹೈವ್ ಲೋಡ್ ಆಗಲೇ ಇಲ್ಲ. ಬೇರೆ ನಾಲ್ಕೂ ಸರಿಯಿದ್ದವು. ಹಾಗಾದರೆ ಸಿಸ್ಟಮ್‌ನ ಹಳೆಯ, ಒಳ್ಳೆಯ ಪ್ರತಿಯೊಂದು ಬೇಕು.

ಇಲ್ಲಿಯೇ ಹೆಚ್ಚಿನವರು ಎಡವುವುದು. ಹಳೆಯ ಟಿಪ್ಪಣಿಗಳೆಲ್ಲ ಕಾನ್ಫಿಗ್ ಒಳಗಿನ ರೆಗ್‌ಬ್ಯಾಕ್ ಫೋಲ್ಡರಿನಿಂದ ಐದೂ ಫೈಲು ತಂದು ಮೇಲೆ ಹಾಕಿ ಎನ್ನುತ್ತವೆ. ವಿಂಡೋಸ್ 10ರ 1803ನೇ ಆವೃತ್ತಿಯಿಂದ ಆ ಫೋಲ್ಡರಿಗೆ ತಾನಾಗಿ ಬ್ಯಾಕಪ್ ಆಗುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿದೆ. ಡಿಸ್ಕಿನ ಜಾಗ ಉಳಿಸಲು ಬೇಕೆಂದೇ ಮಾಡಿದ ಬದಲಾವಣೆ ಅದು. ಫೈಲುಗಳು ಹೆಸರಿಗೆ ಕಾಣುತ್ತವೆ, ಗಾತ್ರ ಸೊನ್ನೆ. ಅವನ್ನು ಕಾನ್ಫಿಗ್ ಮೇಲೆ ಸುರಿದರೆ ಕೆಟ್ಟ ಒಂದು ಹೈವ್ ಜೊತೆಗೆ ಒಳ್ಳೆಯ ನಾಲ್ಕೂ ಹೋಗುತ್ತವೆ. ನಕಲು ಇಟ್ಟುಕೊಳ್ಳದೆ ಹೀಗೆ ಮಾಡಿದ ಯಂತ್ರಗಳು ರಿಪೇರಿಗೆ ಬರುತ್ತಲೇ ಇರುತ್ತವೆ, ಅವಕ್ಕೆ ಫಾರ್ಮ್ಯಾಟ್ ಬಿಟ್ಟು ದಾರಿಯಿರುವುದು ಕಡಿಮೆ. ಗಾತ್ರ ನೋಡದೆ ರೆಗ್‌ಬ್ಯಾಕ್ ಮುಟ್ಟಬೇಡಿ.

ರೆಗ್‌ಬ್ಯಾಕ್ ಖಾಲಿಯಿದ್ದರೆ ಮುಂದಿನ ಆಸರೆ ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸ್ ಹಿಂದೊಂದು ದಿನ ಉಳಿಸಿಟ್ಟ ತನ್ನ ಸ್ಥಿತಿ. ಅದೇ ಕಮಾಂಡ್ ಪ್ರಾಂಪ್ಟಿನಲ್ಲಿ ಆರ್‌ಎಸ್‌ಟಿಆರ್‌ಯುಐ /ಆಫ್‌ಲೈನ್:ಸಿ:\ವಿಂಡೋಸ್ ಕೊಟ್ಟರೆ ಪಟ್ಟಿ ತೆರೆಯುತ್ತದೆ. ಅದು ನಡೆದರೆ ಒಳ್ಳೆಯದು. ಕೆಲವೊಮ್ಮೆ ಪಟ್ಟಿಯಲ್ಲಿ ದಿನಾಂಕ ಕಂಡರೂ ರಿಸ್ಟೋರ್ ಅರ್ಧಕ್ಕೆ ನಿಲ್ಲುತ್ತದೆ, ನಮಗೆ ಆದದ್ದೂ ಅದೇ. ಆಗ ಶ್ಯಾಡೋ ಕಾಪಿಯೊಳಗಿಂದ (ರಿಸ್ಟೋರ್ ಪಾಯಿಂಟ್ ಜೊತೆ ಉಳಿಯುವ, ಡ್ರೈವ್‌ನ ಅಂದಿನ ಪ್ರತಿ) ಬೇಕಾದ ಹೈವ್ ಒಂದನ್ನೇ ಕೈಯಾರೆ ಎತ್ತಬಹುದು. ಡಿಸ್ಕನ್ನು ಇನ್ನೊಂದು ವಿಂಡೋಸ್ 10 ಯಂತ್ರಕ್ಕೆ ಹಾಕಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶ್ಯಾಡೋಸ್ /ಫಾರ್=ಎಫ್: ಕೊಡಬೇಕು (ಎಫ್: ಎಂದರೆ ಅಲ್ಲಿ ಆ ಡಿಸ್ಕಿಗೆ ಬಂದ ಅಕ್ಷರ). ಪ್ರತಿ ಶ್ಯಾಡೋಗೂ ತಾರೀಖು ಮತ್ತು \\?\ಗ್ಲೋಬಲ್‌ರೂಟ್ ಎಂದು ಶುರುವಾಗುವ ಉದ್ದನೆಯ ಹೆಸರು ಕಾಣುತ್ತದೆ. ಆ ಹೆಸರನ್ನು ಎಂಕೆಲಿಂಕ್ /ಡಿ ಸಿ:\ನೆರಳು ಎಂಬುದರ ಮುಂದೆ ಅಂಟಿಸಿ, ತುದಿಗೆ ಒಂದು ಹಿಂಗೆರೆ \ ಸೇರಿಸಬೇಕು. ಆ ಗೆರೆ ಬಿಟ್ಟರೆ ಕೊಂಡಿ ಹುಟ್ಟುತ್ತದೆ, ಆದರೆ ತೆರೆಯುವುದಿಲ್ಲ. ಸರಿಯಾಗಿ ಮಾಡಿದರೆ ಸಿ:\ನೆರಳು ಒಳಗೆ ಆ ದಿನದ ಇಡೀ ಡ್ರೈವ್ ಕಾಣುತ್ತದೆ, ಅದರ ಕಾನ್ಫಿಗ್ ಫೋಲ್ಡರಿನಿಂದ ಸಿಸ್ಟಮ್ ಹೈವ್ ಮತ್ತು ಅದರ ಲಾಗ್‌ಗಳನ್ನು ನಕಲು ಮಾಡಿ, ರೆಗ್ ಲೋಡ್ ಪರೀಕ್ಷೆ ಮಾಡಿ, ಅನ್‌ಲೋಡ್ ಮಾಡಿದರೆ ಪ್ರತಿ ಸಿದ್ಧ.

ಬೇರೆ ಕಂಪ್ಯೂಟರಿನ ಸಿಸ್ಟಮ್ ಹೈವ್ ತಂದು ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಡ್ರೈವರುಗಳ ವಿಷಯ ಹಾಗಿರಲಿ, ಸ್ಯಾಮ್ ಹೈವ್‌ನಲ್ಲಿರುವ ಪಾಸ್‌ವರ್ಡ್ ಹ್ಯಾಶ್‌ಗಳನ್ನು ಗೂಢಲಿಪಿಗೊಳಿಸಿದ ಕೀಲಿ ಸಿಸ್ಟಮ್ ಹೈವ್‌ನ ಎಲ್‌ಎಸ್‌ಎ ಕೀಯ (ರಿಜಿಸ್ಟ್ರಿಯೊಳಗಿನ ಫೋಲ್ಡರಿನಂಥದ್ದು) ಒಳಗೆ ಹಂಚಿಹೋಗಿದೆ. ಸಿಸ್ಟಮ್ ಬೇರೆಯದಾದರೆ ಸ್ಯಾಮ್ ಬಿಚ್ಚಿಕೊಳ್ಳುವುದಿಲ್ಲ, ಯಂತ್ರ ಎದ್ದರೂ ಒಳಗೆ ಹೋಗಲಾಗದು. ಅದೇ ಯಂತ್ರದ, ಅದೇ ಇನ್‌ಸ್ಟಾಲೇಷನ್ನಿನ ಹಳೆಯ ಪ್ರತಿಯೇ ಆಗಬೇಕು, ಮತ್ತು ಕೆಟ್ಟದ್ದನ್ನು ಮಾತ್ರ ಬದಲಿಸಬೇಕು. ಸಾಫ್ಟ್‌ವೇರ್ ಹೈವ್ ಚೆನ್ನಾಗಿದ್ದಾಗ ಅದನ್ನೂ ಹಿಂದಕ್ಕೆ ಒಯ್ದರೆ ಅಲ್ಲಿಂದೀಚೆಗೆ ಹಾಕಿದ ತಂತ್ರಾಂಶಗಳೆಲ್ಲ ರಿಜಿಸ್ಟ್ರಿಯಿಂದ ಮಾಯವಾಗುತ್ತವೆ.

ಹಾಕುವಾಗ ಅಳಿಸಬಾರದು, ಹೆಸರು ಬದಲಿಸಬೇಕು. ಕಾನ್ಫಿಗ್‌ನಲ್ಲಿರುವ ಸಿಸ್ಟಮ್ ಅನ್ನು ಸಿಸ್ಟಮ್.ಕೆಟ್ಟದ್ದು ಎಂದಾಗಿಸಿ, ಅದರ ಹಳೆಯ ಲಾಗ್1, ಲಾಗ್2ಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಹೊಸ ಪ್ರತಿಯನ್ನು ಅಲ್ಲಿಡಬೇಕು. ಹಳೆಯ ಲಾಗ್ ಮತ್ತು ಹೊಸ ಹೈವ್ ಒಟ್ಟಿಗೆ ಇರುವುದು ಬೇಡ. ಇಷ್ಟಾದ ಮೇಲೆ ಯಂತ್ರ ಎದ್ದಿತು.

ಎದ್ದ ಮೇಲೆ ವಿಂಡೋಸ್‌ನ ಸ್ವಂತ ಫೈಲುಗಳ ಪರೀಕ್ಷೆ. ಮೊದಲು ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ. ಎಸ್‌ಎಫ್‌ಸಿ ಒಳ್ಳೆಯ ಫೈಲುಗಳನ್ನು ತರುವುದು ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣದಿಂದ, ಆ ಉಗ್ರಾಣವನ್ನು ಸರಿಪಡಿಸುವುದು ಡಿಐಎಸ್‌ಎಂ. ಅದಕ್ಕೇ ಈ ಕ್ರಮ. ಡಿಐಎಸ್‌ಎಂ 800ಎಫ್081ಎಫ್ ಎಂದು ನಿಂತರೆ ಅದಕ್ಕೆ ಮೂಲ ಫೈಲು ಸಿಕ್ಕಿಲ್ಲ ಎಂದರ್ಥ. ಅದೇ ಆವೃತ್ತಿಯ ಐಎಸ್‌ಒ ತೆರೆದು /ಸೋರ್ಸ್:ವಿಮ್:ಜಿ:\ಸೋರ್ಸಸ್\ಇನ್‌ಸ್ಟಾಲ್.ವಿಮ್:1 /ಲಿಮಿಟ್‌ಆಕ್ಸೆಸ್ ಸೇರಿಸಬೇಕು. ಕೊನೆಯ 1 ಎಂಬುದು ವಿಂಡೋಸ್‌ನ ಆವೃತ್ತಿಭೇದದ ಸಂಖ್ಯೆ. ಹೋಮ್, ಪ್ರೊ ಯಾವುದಕ್ಕೆ ಯಾವ ಸಂಖ್ಯೆ ಎಂದು ಡಿಐಎಸ್‌ಎಂ /ಗೆಟ್-ವಿಮ್‌ಇನ್‌ಫೋ ಹೇಳುತ್ತದೆ. ಮೀಡಿಯಾ ಕ್ರಿಯೇಷನ್ ಟೂಲ್ ಮಾಡಿದ ಪೆನ್ ಡ್ರೈವಿನಲ್ಲಿ ವಿಮ್ ಬದಲು ಇಎಸ್‌ಡಿ ಇರುತ್ತದೆ, ಆಗ ಎರಡೂ ಕಡೆ ಇಎಸ್‌ಡಿ ಎಂದೇ ಬರೆಯಬೇಕು.

ಇಲ್ಲಿ ಕನ್ನಡ ಡಿಟಿಪಿಯವರಿಗೊಂದು ಮಾತು. ಯಾವ ಫಾಂಟ್ ಇದೆ ಎಂಬ ಪಟ್ಟಿ ಸಾಫ್ಟ್‌ವೇರ್ ಹೈವ್‌ನ ಮೈಕ್ರೋಸಾಫ್ಟ್\ವಿಂಡೋಸ್ ಎನ್‌ಟಿ\ಕರೆಂಟ್‌ವರ್ಷನ್\ಫಾಂಟ್ಸ್ ಕೀಯಲ್ಲಿರುತ್ತದೆ. ಸಾಫ್ಟ್‌ವೇರ್ ಹೈವ್ ಹಿಂದಕ್ಕೆ ಹೋದರೆ ಆಮೇಲೆ ಹಾಕಿದ ಫಾಂಟುಗಳು ಪಟ್ಟಿಯಿಂದ ಬೀಳುತ್ತವೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಆಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ತೆರೆಯುತ್ತದೆ. ಕಡತ ಹಾಳಾಯಿತೆಂದು ಅಳಿಸಿದವರಿದ್ದಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ, ಫಾಂಟ್ ಮತ್ತೆ ಇನ್‌ಸ್ಟಾಲ್ ಮಾಡಿದರೆ ಅಕ್ಷರ ಮರಳುತ್ತವೆ. ಫಾಂಟ್ ಫೈಲುಗಳು ಸಿ:\ವಿಂಡೋಸ್\ಫಾಂಟ್ಸ್‌ನಲ್ಲಿಯೇ ಕುಳಿತಿರುತ್ತವೆ, ಅಲ್ಲಿಂದ ಬೇರೆ ಫೋಲ್ಡರಿಗೆ ನಕಲು ಮಾಡಿ ರೈಟ್ ಕ್ಲಿಕ್‌ನಲ್ಲಿ ಇನ್‌ಸ್ಟಾಲ್ ಕೊಟ್ಟರಾಯಿತು.

ತಾತ್ಕಾಲಿಕ ಪ್ರೊಫೈಲಿನ ಸಮಸ್ಯೆ ಇದ್ದವರು ಸಾಫ್ಟ್‌ವೇರ್ ಹೈವ್‌ನಲ್ಲೇ ಪ್ರೊಫೈಲ್‌ಲಿಸ್ಟ್ ಕೀ ನೋಡಬೇಕು. ಎಸ್-1-5-21 ಎಂದು ಶುರುವಾಗುವ ಒಂದೇ ಸಂಖ್ಯೆ ಎರಡು ಸಲ, ಒಂದಕ್ಕೆ ತುದಿಯಲ್ಲಿ .ಬ್ಯಾಕ್ ಅಂಟಿ ಕಂಡರೆ, ಅಂಟಿಲ್ಲದ್ದಕ್ಕೆ ಬೇರೆ ಹೆಸರು ಕೊಟ್ಟು, ಇನ್ನೊಂದರ .ಬ್ಯಾಕ್ ತೆಗೆದು, ಅದರೊಳಗಿನ ಸ್ಟೇಟ್ ಮತ್ತು ರೆಫ್‌ಕೌಂಟ್ ಬೆಲೆಗಳನ್ನು ಸೊನ್ನೆ ಮಾಡಿ ಮರುಬೂಟ್ ಮಾಡಬೇಕು. ಎನ್‌ಟಿಯೂಸರ್.ಡ್ಯಾಟ್ ಚೆನ್ನಾಗಿದ್ದರೆ ಮಾತ್ರ ಇದು ಫಲಿಸುತ್ತದೆ. ಆ ಹೈವೇ ಕೆಟ್ಟಿದ್ದರೆ ಹೊಸ ಬಳಕೆದಾರನನ್ನು ಮಾಡಿ ಕಡತಗಳನ್ನು ಅಲ್ಲಿಗೆ ಸಾಗಿಸುವುದೇ ಸರಿ. ಇನ್ನೊಬ್ಬ ಬಳಕೆದಾರನ ಎನ್‌ಟಿಯೂಸರ್ ನಕಲು ಮಾಡಿ ಹಾಕುವುದು ಕೆಲಸಕ್ಕೆ ಬಾರದು, ಏಕೆಂದರೆ ಹೈವ್‌ನ ಒಳಗಿನ ಪ್ರತಿ ಕೀಗೂ ತನ್ನದೇ ಪರ್ಮಿಷನ್ ಇದೆ, ಅದರಲ್ಲಿ ಹಳೆಯ ಬಳಕೆದಾರನ ಗುರುತು ಸಂಖ್ಯೆಯೇ ಉಳಿದಿರುತ್ತದೆ. ಫೈಲಿನ ಪರ್ಮಿಷನ್ ಎಷ್ಟು ಸರಿಮಾಡಿದರೂ ಅದು ಬದಲಾಗದು.

ನಮ್ಮ ಯಂತ್ರದಲ್ಲಿ ರಿಜಿಸ್ಟ್ರಿ ಸರಿಯಾದ ಮೇಲೆ ಎರಡನೆಯ ಕಾಯಿಲೆ ಹೊರಬಿತ್ತು. ಸ್ಟಾರ್ಟ್ ಮೆನು ತೆರೆಯುತ್ತಿಲ್ಲ, ಸೆಟಿಂಗ್ಸ್ ಮಿನುಗಿ ಮುಚ್ಚುತ್ತಿದೆ. ಎಸ್‌ಎಫ್‌ಸಿ ಎಲ್ಲ ಸರಿ ಎನ್ನುತ್ತಿದೆ. ಕೇಳಿದಾಗ ತಿಳಿದದ್ದು: ಹಿಂದೆ ಯಾರೋ ಒಂದು ಫೋಲ್ಡರ್ ಅಳಿಸಲಾಗದೆ ಇಡೀ ಸಿ: ಡ್ರೈವ್‌ಗೆ ಟೇಕ್‌ಓನ್ ಕೊಟ್ಟು, ಐಸಿಎಸಿಎಲ್‌ಎಸ್ /ರೀಸೆಟ್ /ಟಿ ಓಡಿಸಿದ್ದರು. ಮೊದಲನೆಯದು ಫೈಲುಗಳ ಮಾಲೀಕನನ್ನು ಬದಲಿಸುವ ಕಮಾಂಡ್, ಎರಡನೆಯದು ಅವುಗಳ ಪರ್ಮಿಷನ್ (ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಹಕ್ಕು) ಬದಲಿಸುವಂಥದ್ದು.

ಇದು ಏಕೆ ಇಷ್ಟು ಹಾನಿ ಮಾಡುತ್ತದೆ ಎಂದರೆ, ವಿಂಡೋಸ್ ಫೋಲ್ಡರಿನ ಫೈಲುಗಳು ಪರ್ಮಿಷನ್ನನ್ನು ಮೇಲಿನ ಫೋಲ್ಡರಿನಿಂದ ಪಡೆಯುವುದಿಲ್ಲ. ಒಂದೊಂದಕ್ಕೂ ಪ್ರತ್ಯೇಕವಾಗಿ ಬರೆದಿರುತ್ತದೆ. ಆರೋಗ್ಯವಾದ ಯಂತ್ರದಲ್ಲಿ ಸಿಸ್ಟಮ್32ರ ಕರ್ನಲ್32.ಡಿಎಲ್‌ಎಲ್ ಮೇಲೆ ಐಸಿಎಸಿಎಲ್‌ಎಸ್ ಓಡಿಸಿ ನೋಡಿ. ಟ್ರಸ್ಟೆಡ್‌ಇನ್‌ಸ್ಟಾಲರ್‌ಗೆ (ವಿಂಡೋಸ್‌ನ ಫೈಲುಗಳನ್ನು ಹಾಕುವ, ಬದಲಿಸುವ ಸರ್ವಿಸ್) ಎಫ್, ಅಂದರೆ ಪೂರ್ತಿ ಹಕ್ಕು. ಅಡ್ಮಿನಿಸ್ಟ್ರೇಟರ್ಸ್, ಸಿಸ್ಟಮ್, ಯೂಸರ್ಸ್ ಮತ್ತು ಆಲ್ ಅಪ್ಲಿಕೇಷನ್ ಪ್ಯಾಕೇಜಸ್‌ಗೆ ಆರ್‌ಎಕ್ಸ್, ಅಂದರೆ ಓದುವ ಮತ್ತು ಓಡಿಸುವ ಹಕ್ಕು ಮಾತ್ರ. /ರೀಸೆಟ್ ಇದನ್ನು ಅಳಿಸಿ ಮೇಲಿನದ್ದನ್ನು ತುಂಬುತ್ತದೆ. ಆಲ್ ಅಪ್ಲಿಕೇಷನ್ ಪ್ಯಾಕೇಜಸ್ ಎಂಬ ಗುಂಪು (ಎಸ್-1-15-2-1) ಮಾಯವಾಗುವುದರಿಂದ ಸ್ಟಾರ್ಟ್ ಮೆನು ಮತ್ತು ಸ್ಟೋರ್ ಆ್ಯಪ್‌ಗಳು ಸಾಯುತ್ತವೆ. ಸಿಸ್ಟಮ್32ರ ಫೈಲುಗಳು ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣದ ಫೈಲುಗಳಿಗೇ ಹಾರ್ಡ್ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಆಗಿರುವುದರಿಂದ ಅಲ್ಲಿನ ಪರ್ಮಿಷನ್ನೂ ಒಟ್ಟಿಗೇ ಬದಲಾಗುತ್ತದೆ.

ಹೀಗಾದಾಗ ಒಂದೊಂದೇ ಫೈಲು ಹಿಡಿದು ತಿದ್ದಲು ಕೂರಬಾರದು. ಎಸ್‌ಇಸಿಎಡಿಟ್ ಬಳಸಿ ಡಿಎಫ್‌ಎಲ್‌ಟಿಬೇಸ್.ಐಎನ್‌ಎಫ್ (ವಿಂಡೋಸ್‌ನ ಮೂಲ ಭದ್ರತಾ ಸೆಟಿಂಗುಗಳ ಕಡತ) ಹೇರುವ ಸಲಹೆ ಹಲವೆಡೆ ಸಿಗುತ್ತದೆ, ಅದು ಮೂಲ ಸ್ಥಿತಿಯನ್ನು ಪೂರ್ತಿಯಾಗಿ ತರುವುದಿಲ್ಲ. ಸರಿಯಾದ ದಾರಿ ಇನ್-ಪ್ಲೇಸ್ ಅಪ್‌ಗ್ರೇಡ್: ಓಡುತ್ತಿರುವ ವಿಂಡೋಸ್‌ನ ಒಳಗಿಂದಲೇ, ಅದೇ ಭಾಷೆ, ಅದೇ ಎಡಿಷನ್, ಅದೇ ಅಥವಾ ಹೊಸ ಆವೃತ್ತಿಯ ಐಎಸ್‌ಒ ತೆರೆದು ಸೆಟಪ್ ಓಡಿಸುವುದು. ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್ ಉಳಿಸುವ ಆಯ್ಕೆ ತೋರಿದರೆ ಮಾತ್ರ ಮುಂದುವರಿಯಬೇಕು. ಅದು ಮಂಕಾಗಿ ಕಂಡರೆ ಭಾಷೆಯೋ ಎಡಿಷನ್ನೋ ಹೊಂದಿಲ್ಲ. ಸಿ: ಡ್ರೈವ್‌ನಲ್ಲಿ ಕನಿಷ್ಠ 20 ಜಿಬಿ ಖಾಲಿ ಇಟ್ಟುಕೊಂಡರೆ ನೆಮ್ಮದಿ. ಪೆನ್ ಡ್ರೈವ್‌ನಿಂದ ಬೂಟ್ ಮಾಡಿದರೆ ಈ ಆಯ್ಕೆ ಸಿಗುವುದಿಲ್ಲ, ಹಾಗಾಗಿ ಮೊದಲು ರಿಜಿಸ್ಟ್ರಿ ಸರಿಮಾಡಿ ಯಂತ್ರ ಎಬ್ಬಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ವಿಂಡೋಸ್ ಫೋಲ್ಡರ್ ಹೊಸದಾಗಿ, ಸರಿಯಾದ ಪರ್ಮಿಷನ್ ಹೊತ್ತು ಬರುತ್ತದೆ. ತಂತ್ರಾಂಶಗಳು ಉಳಿಯುತ್ತವೆ. ಹಳೆಯದು ವಿಂಡೋಸ್.ಓಲ್ಡ್ ಎಂಬಲ್ಲಿ ಹತ್ತು ದಿನ ಇರುತ್ತದೆ.

ಯೂಸರ್ಸ್ ಫೋಲ್ಡರ್ ಮತ್ತು ಡಿ: ಡ್ರೈವ್ ಅಪ್‌ಗ್ರೇಡಿನಲ್ಲಿ ಸರಿಯಾಗುವುದಿಲ್ಲ, ಅವನ್ನು ಕೈಯಾರೆ ನೋಡಬೇಕು. ಯೂಸರ್ಸ್ ಒಳಗೆ ಒಂದು ಮುಳ್ಳಿದೆ. ಆ್ಯಪ್‌ಡೇಟಾ\ಲೋಕಲ್ ಒಳಗೆ ಅಪ್ಲಿಕೇಷನ್ ಡೇಟಾ ಎಂಬ ಹೆಸರು ಕಾಣುತ್ತದೆ. ಅದು ಫೋಲ್ಡರಲ್ಲ, ಲೋಕಲ್‌ಗೇ ತಿರುಗಿ ಬರುವ ಜಂಕ್ಷನ್. ಅದರ ಮೇಲೆ ಎವರಿಒನ್‌ಗೆ ಪಟ್ಟಿ ನೋಡುವ ಹಕ್ಕನ್ನು ಬೇಕೆಂದೇ ನಿರಾಕರಿಸಲಾಗಿದೆ. ಆಕ್ಸೆಸ್ ಡಿನೈಡ್ ಎಂದರೆ ಇಲ್ಲಿ ಎಲ್ಲ ಸರಿಯಿದೆ ಎಂದರ್ಥ. /ರೀಸೆಟ್ ಈ ನಿರಾಕರಣೆಯನ್ನು ಕಿತ್ತರೆ ಬ್ಯಾಕಪ್ ತಂತ್ರಾಂಶ ಅಪ್ಲಿಕೇಷನ್ ಡೇಟಾ\ಅಪ್ಲಿಕೇಷನ್ ಡೇಟಾ ಎಂದು ಸುತ್ತುತ್ತಲೇ ಹೋಗುತ್ತದೆ. ಮರಳಿ ಹಾಕಲು ಆ ದಾರಿಯ ಮೇಲೆ ಐಸಿಎಸಿಎಲ್‌ಎಸ್ /ಡಿನೈ ಎವರಿಒನ್:(ಆರ್‌ಡಿ) /ಎಲ್. ಕೊನೆಯ /ಎಲ್ ಇರುವುದರಿಂದ ಆಜ್ಞೆ ಕೊಂಡಿಯ ಮೇಲೆ ನಡೆಯುತ್ತದೆ, ಅದು ತೋರಿಸುವ ಫೋಲ್ಡರಿನ ಮೇಲಲ್ಲ.

ಡಿ: ಡ್ರೈವ್‌ನ ಕೆಲಸದ ಫೋಲ್ಡರಿಗೆ ಕ್ರಮ ಹೀಗೆ. ಮೊದಲು ಇದ್ದ ಸ್ಥಿತಿಯನ್ನು ಉಳಿಸಿ: ಐಸಿಎಸಿಎಲ್‌ಎಸ್ ಡಿ:\ಕೆಲಸ /ಸೇವ್ ಇ:\ಹಳೆಯದು.ಟಿಎಕ್ಸ್‌ಟಿ /ಟಿ /ಸಿ. ಮುಂದೆ ಬೇಕಾದರೆ ಮರಳಿಸುವಾಗ ಡಿ:\ಕೆಲಸ ಕೊಡಬಾರದು, ಅದರ ಮೇಲಿನ ಡಿ:\ ಕೊಟ್ಟು /ರಿಸ್ಟೋರ್ ಮಾಡಬೇಕು, ಇಲ್ಲವಾದರೆ ಫೈಲು ಸಿಗಲಿಲ್ಲ ಎನ್ನುತ್ತದೆ. ಈ ಕಡತದಲ್ಲಿ ಮಾಲೀಕನ ಹೆಸರು ಉಳಿಯುವುದಿಲ್ಲ ಎಂಬುದೂ ನೆನಪಿರಲಿ. ಆಮೇಲೆ ಟೇಕ್‌ಓನ್ /ಎಫ್ ಡಿ:\ಕೆಲಸ /ಎ /ಆರ್ /ಡಿ ವೈ. ಇದರಲ್ಲಿ /ಎ ಕೊಟ್ಟರೆ ಮಾಲೀಕತ್ವ ಒಬ್ಬ ವ್ಯಕ್ತಿಗೆ ಹೋಗದೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಹೋಗುತ್ತದೆ. ಕೊನೆಗೆ ಐಸಿಎಸಿಎಲ್‌ಎಸ್ ಡಿ:\ಕೆಲಸ /ರೀಸೆಟ್ /ಟಿ /ಸಿ /ಕ್ಯೂ. ಡಿ:\ ತುದಿಯಲ್ಲಿ ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಮ್‌ಗೆ ಎಫ್, ಅಥೆಂಟಿಕೇಟೆಡ್ ಯೂಸರ್ಸ್‌ಗೆ ಎಂ (ಬದಲಿಸುವ ಹಕ್ಕು), ಯೂಸರ್ಸ್‌ಗೆ ಆರ್‌ಎಕ್ಸ್ ಇದ್ದರೆ ಅದೇ ಕೆಳಗಿಳಿಯುತ್ತದೆ. ನಮ್ಮದೇ ಕಡತಗಳಿರುವ ಫೋಲ್ಡರಿನ ಮೇಲೆ /ರೀಸೆಟ್ ಒಳ್ಳೆಯ ಸಾಧನ. ಸಿ: ಮೇಲೆ ಅದೇ ಸಾಧನ ಏನು ಮಾಡುತ್ತದೆಂದು ಮೇಲೆ ನೋಡಿದೆವು.

ಬೇರೆ ಕಂಪ್ಯೂಟರಿನ ಹಳೆಯ ಡಿಸ್ಕಿನಿಂದ ಕಡತ ತೆಗೆಯುವಾಗ ಇಷ್ಟೂ ಬೇಕಿಲ್ಲ. ಅಲ್ಲಿ ಸೆಕ್ಯುರಿಟಿ ಟ್ಯಾಬಿನಲ್ಲಿ ಅಕೌಂಟ್ ಅನ್‌ನೋನ್ ಎಂದು ಕಾಣುವುದು ಈ ಯಂತ್ರಕ್ಕೆ ಗೊತ್ತಿಲ್ಲದ ಬಳಕೆದಾರನ ಸಂಖ್ಯೆ. ಮಾಲೀಕತ್ವ ಬದಲಿಸುವ ಗೋಜಿಗೆ ಹೋಗದೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ರೋಬೋಕಾಪಿಗೆ /ಬಿ ಕೊಟ್ಟರೆ ಬ್ಯಾಕಪ್ ಹಕ್ಕಿನಲ್ಲಿ ಪರ್ಮಿಷನ್ ಮೀರಿ ಓದುತ್ತದೆ. ಜೊತೆಗೆ /ಇ /ಎಕ್ಸ್‌ಜೆ /ಕಾಪಿ:ಡಿಎಟಿ /ಆರ್:1 /ಡಬ್ಲ್ಯೂ:1. ಎಕ್ಸ್‌ಜೆ ಜಂಕ್ಷನ್‌ಗಳನ್ನು ಬಿಡುತ್ತದೆ, ಡಿಎಟಿ ಹಳೆಯ ಪರ್ಮಿಷನ್ ಹೊತ್ತು ತರುವುದಿಲ್ಲ. ಹಳೆಯ ಡಿಸ್ಕ್ ಹೇಗಿತ್ತೋ ಹಾಗೇ ಉಳಿಯುತ್ತದೆ, ನನಗಂತೂ ಇದೇ ಮೆಚ್ಚು.

ಒಂದೇ ಒಂದು ಸ್ಥಿತಿಯಲ್ಲಿ ಪರ್ಮಿಷನ್ ಕೊಟ್ಟರೂ ಫೈಲು ತೆರೆಯದು: ಇಎಫ್‌ಎಸ್ ಎಂಬ ವಿಂಡೋಸ್‌ನದೇ ಗೂಢಲಿಪಿ. ಅದಕ್ಕೆ ಹಳೆಯ ಬಳಕೆದಾರನ ಸರ್ಟಿಫಿಕೇಟ್ ಬೇಕು, ಅದು ಹಳೆಯ ವಿಂಡೋಸ್‌ನ ಪ್ರೊಫೈಲಿನಲ್ಲಿದೆ. ಫಾರ್ಮ್ಯಾಟ್ ಆದರೆ ಕಡತಗಳೂ ಹೋದ ಹಾಗೆಯೇ. ಯಂತ್ರ ಓಡುತ್ತಿರುವಾಗಲೇ ಸೈಫರ್ /ಯು /ಎನ್ ಕೊಟ್ಟು ಅಂಥ ಕಡತ ಇವೆಯೇ ನೋಡಿ, ಇದ್ದರೆ ಸರ್ಟಿಫಿಕೇಟನ್ನು ಪಿಎಫ್‌ಎಕ್ಸ್ ರೂಪದಲ್ಲಿ ರಫ್ತು ಮಾಡಿಕೊಳ್ಳಬೇಕು.

ರಿಜಿಸ್ಟ್ರಿ ಕೀಯ ಪರ್ಮಿಷನ್ ಕೆಟ್ಟರೆ ಲಕ್ಷಣ ಬೇರೆ: ಸರ್ವಿಸ್ ಆರಂಭವಾಗದೆ 5ನೇ ದೋಷ ಬರುತ್ತದೆ, ಇನ್‌ಸ್ಟಾಲರ್ ಅರ್ಧಕ್ಕೆ ನಿಲ್ಲುತ್ತದೆ. ಊಹಿಸಿ ತಿದ್ದಬಾರದು. ಪ್ರೊಸೆಸ್ ಮಾನಿಟರ್ ತೆರೆದು ರಿಸಲ್ಟ್ ಈಸ್ ಆಕ್ಸೆಸ್ ಡಿನೈಡ್ ಎಂದು ಫಿಲ್ಟರ್ ಹಾಕಿ ಸರ್ವಿಸ್ ಆರಂಭಿಸಿದರೆ ಯಾವ ಕೀಯಲ್ಲಿ, ಯಾವ ಬಳಕೆದಾರನ ಹೆಸರಿನಲ್ಲಿ ತಡೆಯಾಯಿತು ಎಂಬ ಸಾಲು ಸಿಗುತ್ತದೆ. ಬರುವ ಸಾಲುಗಳಲ್ಲಿ ಬಹಳಷ್ಟು ಮಾಮೂಲಿ, ದೋಷ ಬಂದ ಗಳಿಗೆಯ ಕೊನೆಯ ಸಾಲು ಮುಖ್ಯ. ಅದೇ ಆವೃತ್ತಿಯ ಒಳ್ಳೆಯ ಯಂತ್ರದಲ್ಲಿ ಪವರ್‌ಶೆಲ್‌ನ ಗೆಟ್-ಎಸಿಎಲ್ ಮೂಲಕ ಅದೇ ಕೀಯ ಎಸ್‌ಡಿಡಿಎಲ್ ಸಾಲು (ಪರ್ಮಿಷನ್ನನ್ನು ಅಕ್ಷರಗಳಲ್ಲಿ ಬರೆದದ್ದು) ತೆಗೆದು ಇಲ್ಲಿನದಕ್ಕೆ ಹೋಲಿಸಿ, ಆ ಕೀ ಒಂದನ್ನೇ ತಿದ್ದಬೇಕು. ರೆಜೆಡಿಟ್‌ನಲ್ಲಿ ಎಲ್ಲ ಮರಿ ಕೀಗಳಿಗೂ ಹೇರುವ ಚೌಕಕ್ಕೆ ಟಿಕ್ ಹಾಕಬಾರದು.

ಯಂತ್ರ ಹಿಂತಿರುಗಿಸುವ ಮೊದಲು ಮಾಡಿದ ಕೊನೆಯ ಕೆಲಸ ರೆಗ್‌ಬ್ಯಾಕ್ ಮತ್ತೆ ಚಾಲೂ ಮಾಡಿದ್ದು. ಎಚ್‌ಕೆಎಲ್‌ಎಂ\ಸಿಸ್ಟಮ್\ಕರೆಂಟ್‌ಕಂಟ್ರೋಲ್‌ಸೆಟ್\ಕಂಟ್ರೋಲ್\ಸೆಷನ್ ಮ್ಯಾನೇಜರ್\ಕಾನ್ಫಿಗರೇಷನ್ ಮ್ಯಾನೇಜರ್ ಒಳಗೆ ಎನೇಬಲ್‌ಪೀರಿಯಾಡಿಕ್‌ಬ್ಯಾಕಪ್ ಎಂಬ 32 ಬಿಟ್ ಡಿವರ್ಡ್ ಮಾಡಿ ಬೆಲೆ 1 ಕೊಟ್ಟು ಮರುಬೂಟ್ ಮಾಡಬೇಕು. ಟಾಸ್ಕ್ ಷೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್\ವಿಂಡೋಸ್\ರಿಜಿಸ್ಟ್ರಿ ಒಳಗಿನ ರೆಗ್‌ಐಡಲ್‌ಬ್ಯಾಕಪ್ ಕೆಲಸವನ್ನು ಒಮ್ಮೆ ಕೈಯಾರೆ ಓಡಿಸಿ, ರೆಗ್‌ಬ್ಯಾಕ್ ಫೋಲ್ಡರ್ ತೆರೆದು ಐದೂ ಫೈಲುಗಳ ಗಾತ್ರ ನೋಡಬೇಕು. ಸಿ: ಡ್ರೈವ್‌ಗೆ ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿದೆವು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ, ಪ್ಲಗ್ ಕಿತ್ತು ಕಂಪ್ಯೂಟರ್ ಆರದೆ ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿದ ಮೇಲೆ ಕೆಲಸ ಮುಗಿಯಿತು.